ಮಾತು ಮೊದಲೋ, ಮರ್ಯಾದೆ ಮೊದಲೋ

ಕಳೆದ ಶುಕ್ರವಾರ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಿದ್ದ ಗೆಳತಿಯೊಬ್ಬಳು ಹೊರಟು ನಿಂತಾಗ, ನನ್ನ ಮೂರು ವರ್ಷದ ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತು, "ಅಜ್ಜೀ, ನೀನು ಮತ್ತೆ ಯಾವಾಗ ಹೋಗ್ತೀಯಾ?" ಎಂದು ಕೇಳಿದಳು. "ಮತ್ತೆ ಯಾವಾಗ ಬರ್ತೀಯಾ" ಎನ್ನುವುದು ಅವಳ ಮನಸ್ಸಿನಲ್ಲಿತ್ತು. ಬರುವುದು ಹೋಗುವುದು ಎರಡೂ ಆ ವಯಸ್ಸಿಗೆ ಒಂದೇ ಬಾಗಿಲ ಕೆಲಸ. ಗೆಳತಿ ನಕ್ಕಳು. ನನ್ನ ಮಗಳ ಮುಖ ಮಾತ್ರ ಕೆಂಪಾಯಿತು. "ನೀನು ಅಲ್ಲ, ನೀವು ಅನ್ನು. ಹೋಗ್ತೀಯಾ ಅಲ್ಲ, ಬರ್ತೀರಾ ಅನ್ನು. ಮೊದಲು ಸಾರಿ ಹೇಳು" ಎಂದು ಒಂದೇ ಉಸಿರಿನಲ್ಲಿ ಮೂರು ಪಾಠ ಮಾಡಿದಳು. ಮಗು ನನ್ನ ಸೆರಗಿನೊಳಗೆ ಸೇರಿಕೊಂಡಿತು. ಮತ್ತೆ ಆ ಹೊತ್ತಿಗೆ ಬಾಯಿ ಬಿಡಲಿಲ್ಲ.

"ಬಿಡೇ, ಮಗು ಮಾತಾಡ್ಲಿ" ಎಂದೆ.

"ನಾನು ಚಿಕ್ಕವಳಿದ್ದಾಗ ನೀನು ಹೀಗೆ ಬಿಟ್ಟಿದ್ದೆಯಾ ಅಮ್ಮಾ?" ಎಂದಳು ಮಗಳು.

ಬಿಟ್ಟಿರಲಿಲ್ಲ. ಅವಳನ್ನೂ ಬಿಟ್ಟಿರಲಿಲ್ಲ, ಊರ ಮಕ್ಕಳನ್ನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಶಿಶುವಿಹಾರದ ಟೀಚರಾಗಿ ನಾನು ಮಾಡಿದ್ದೇ ಈ ಎರಡು ಕೆಲಸ: ಮಕ್ಕಳಿಗೆ ಮಾತು ಕಲಿಸುವುದು, ಮರ್ಯಾದೆ ಕಲಿಸುವುದು. ಎರಡೂ ಒಂದೇ ಕೆಲಸವೆಂದು ತಿಳಿದಿದ್ದೆ. ಅಲ್ಲವೆಂದು ತಿಳಿಸಿಕೊಟ್ಟವಳು ನಾಲ್ಕು ವರ್ಷದ ಒಬ್ಬ ಹುಡುಗಿ.

ಅದು 1983ರ ಮಾತು. ನಮ್ಮ ಮಲೆನಾಡಿನ ಊರಿನಲ್ಲಿ ಆಗ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಕೆಲಸಕ್ಕೆಂದು ಬಯಲುಸೀಮೆಯ ಕಡೆಯಿಂದ ಒಂದಷ್ಟು ಸಂಸಾರಗಳು ಬಂದು ಗುಡಿಸಲು ಹಾಕಿಕೊಂಡಿದ್ದವು. ಅವರ ಪೈಕಿ ಒಬ್ಬ ತಾಯಿ ಮಗಳನ್ನು ನಮ್ಮ ಶಿಶುವಿಹಾರಕ್ಕೆ ತಂದು ಬಿಟ್ಟಳು. ಹುಡುಗಿ ಚುರುಕು. ಎರಡನೆಯ ದಿನವೇ ನನ್ನ ಮೇಜಿನ ಹತ್ತಿರ ಬಂದು, ಕೈಬಳೆ ಹಿಡಿದು ಎಳೆದು, "ಟೀಚರ, ನೀ ಎದಕ ಸಿಟ್ಟಾಗೀ?" ಎಂದು ಕೇಳಿದಳು. ನಾನು ಸಿಟ್ಟಾಗಿರಲಿಲ್ಲ, ಹಾಜರಿ ಬರೆಯುತ್ತಿದ್ದೆ. ಆದರೆ ಆ 'ನೀ' ಕಿವಿಗೆ ಬಿದ್ದೊಡನೆ ಸಿಟ್ಟಾದೆ. "ದೊಡ್ಡವರಿಗೆ ನೀ ಅಂತಾರಾ? ನೀವು ಅನ್ನು" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಹತ್ತು ಸಲ 'ನೀವು' ಹೇಳಿಸಿದೆ. ಅವಳ ನಾಲಿಗೆಯಲ್ಲಿ ಅದು ಬೇರೆ ರಾಗದಲ್ಲಿ ಬಂತು. ಮಿಕ್ಕ ಮಕ್ಕಳು ನಕ್ಕರು. ನಾನೂ ನಕ್ಕೆನೆಂದು ಈಗ ಒಪ್ಪಿಕೊಳ್ಳಬೇಕು.

ಅಂದಿನಿಂದ ಹುಡುಗಿ ಮೂಕಿಯಾದಳು. ಹಾಡಿಗೆ ಬಾಯಿ ಆಡಿಸುವಳು, ದನಿ ಇಲ್ಲ. ಹೆಸರು ಕರೆದರೆ ಕೈ ಎತ್ತುವಳು, ಉತ್ತರವಿಲ್ಲ. ದಸರೆಯ ಹೊತ್ತಿಗೆ ಅವಳ ತಾಯಿಯನ್ನು ಕರೆಸಿ, "ಮಗು ಮಾತೇ ಆಡುವುದಿಲ್ಲವಲ್ಲ, ಡಾಕ್ಟರಿಗೆ ತೋರಿಸಿದಿರಾ?" ಎಂದು ಕೇಳಿದೆ. ಆಕೆ ಅಚ್ಚರಿಯಿಂದ, "ಮನಿಯಾಗ ಗುಬ್ಬಿ ಹಂಗ ಒದರತಾಳ್ರೀ ಅಕ್ಕಾರ. ನನಗ ನೀ ಹಂಗ ಮಾಡು, ನೀ ಹಿಂಗ ಮಾಡು ಅಂತ ತಾನ ಹೇಳತಾಳ್ರೀ" ಎಂದಳು.

ಆಗ ಹೊಳೆಯಿತು. ಆ ತಾಯಿಯ ಮಾತಿನ ತುದಿತುದಿಗೂ 'ರೀ' ಇತ್ತು. ಮರ್ಯಾದೆಯಿಲ್ಲದ ಮನೆಯಲ್ಲ ಅದು. ಮಗು ಮನೆಯಲ್ಲಿ 'ನೀ' ಎನ್ನುತ್ತಿದ್ದುದು ಅಮ್ಮನಿಗೆ. ನಾನು ನನ್ನ ಅಮ್ಮನನ್ನು ಕೊನೆಯವರೆಗೂ ಕರೆದದ್ದು 'ನೀನು' ಎಂದೇ ಅಲ್ಲವೇ? ನನ್ನ ಮಗಳು ನನ್ನನ್ನು ಕರೆಯುವುದೂ ಹಾಗೆಯೇ. ನಮ್ಮ ಶರಣರೂ ದಾಸರೂ ದೇವರನ್ನೇ 'ನೀನು' ಎಂದವರು. ಕನ್ನಡದಲ್ಲಿ ಏಕವಚನ ಎರಡು ಕಡೆ ಸಲ್ಲುತ್ತದೆ, ಕೀಳೆಂದವರಿಗೆ ಒಂದು, ತೀರ ಹತ್ತಿರದವರಿಗೆ ಇನ್ನೊಂದು. ಹುಡುಗಿ ನನ್ನನ್ನು ಎರಡೇ ದಿನದಲ್ಲಿ ತಾಯಿಯ ಸಾಲಿನಲ್ಲಿ ಕೂರಿಸಿದ್ದಳು. ನಾನು ಅಲ್ಲಿಂದ ಎದ್ದು ಬಂದು ಕುರ್ಚಿಯಲ್ಲಿ ಕುಳಿತೆ.

ಆಮೇಲೆ ಏನೇನೋ ಮಾಡಿದೆ. ಪಕ್ಕದಲ್ಲಿ ಕೂರಿಸಿಕೊಂಡೆ, ಪೆಪ್ಪರಮೆಂಟು ಕೊಟ್ಟೆ, ಕತೆ ಹೇಳಿದೆ. ನಗುತ್ತಿದ್ದಳು, ಮಾತಾಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಟ್ಟಡದ ಕೆಲಸ ಮುಗಿದು ಗುಡಿಸಲುಗಳು ಎದ್ದವು. ಹೊರಡುವ ದಿನ ತಾಯಿ ಮಗಳನ್ನು ಕರೆತಂದು, "ಟೀಚರಿಗೆ ಹೇಳಿ ಬಾ" ಎಂದಳು. ಹುಡುಗಿ ನನ್ನ ಮುಖ ನೋಡದೆ, ಪಾಠ ಒಪ್ಪಿಸುವಂತೆ, "ನೀವು ಇರ್ರಿ. ಬರ್ತೇನ್ರೀ" ಎಂದಳು. ಏಳು ತಿಂಗಳಲ್ಲಿ ನನ್ನೊಡನೆ ಆಡಿದ ಮಾತು ಅಷ್ಟೇ. ನಾನು ಕಲಿಸಿದ್ದನ್ನು ಕಲಿತಿದ್ದಳು. ನನಗೆ ಗೆದ್ದೆನೆಂದು ಅನ್ನಿಸಲಿಲ್ಲ.

ಆ 'ಬರ್ತೇನ್ರೀ' ನನ್ನನ್ನು ಓದಲು ಹಚ್ಚಿತು. ಚಿಕ್ಕ ಮಕ್ಕಳಿಗೆ ಮಾತನ್ನೂ ನಡತೆಯನ್ನೂ ನಮಗಿಂತ ಮೊದಲು ಕಲಿಸಿದವರು ಹೇಗೆ ಕಲಿಸಿದರು ಎಂದು ಹುಡುಕತೊಡಗಿದೆ. ಸಿಕ್ಕಿದ್ದರಲ್ಲಿ ನನಗೆ ಮರೆಯಲಾಗದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಒಬ್ಬ ಬಾದಶಹನ ಕತೆ. ಮಗುವಿಗೆ ಮಾತು ಹುಟ್ಟಿನಿಂದ ಬರುತ್ತದೋ, ಕೇಳಿ ಬರುತ್ತದೋ ಎಂಬ ಪ್ರಶ್ನೆ ಅಕ್ಬರನಿಗೆ ಬಂತು. ಒಂದು ಮನೆ ಕಟ್ಟಿಸಿ, ಅದರಲ್ಲಿ ಹಸುಗೂಸುಗಳನ್ನು ಇರಿಸಿ, ಸಾಕುವ ದಾದಿಯರು ಒಂದು ಮಾತೂ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ. ಹೊಟ್ಟೆಗೆ ಕೊರತೆಯಿಲ್ಲ, ಬಟ್ಟೆಗೆ ಕೊರತೆಯಿಲ್ಲ. 1582ರಲ್ಲಿ ಹೋಗಿ ನೋಡಿದಾಗ ಆ ಮಕ್ಕಳ ಬಾಯಿಂದ ಮೂಕರ ದನಿಯ ಹೊರತು ಮಾತು ಹೊರಡಲಿಲ್ಲವೆಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಜನ ಆ ಮನೆಗೆ ಗುಂಗ್ ಮಹಲ್, ಮೂಕರ ಅರಮನೆ, ಎಂದು ಹೆಸರಿಟ್ಟರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಾದಶಹನಿಗೆ ಒಂದು ಪ್ರಶ್ನೆಯಾದರೂ ಇತ್ತು. ನನ್ನ ಕೈಯಲ್ಲಿ ಅಂಥದೇ ಮಹಲು ಎದ್ದದ್ದು ಬರಿಯ ಠೀವಿಯಿಂದ.

ನಮ್ಮ ಅಜ್ಜಿಯರಿಗೆ ಈ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಹೊಟ್ಟೆಯಿಂದ ಬಿದ್ದ ಕೂಸಿನೊಡನೆ ಮಾತಾಡಬೇಕೆಂದು ಅವರಿಗೆ ಗೊತ್ತಿತ್ತು. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ, ಸಾಂಬ್ರಾಣಿ ಹೊಗೆ ಹಿಡಿಯುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಅನ್ನಕ್ಕೆ ಬುವ್ವ, ಮಲಗುವುದಕ್ಕೆ ತಾಚಿ, ನಾಯಿಗೆ ಬೌಬೌ, ಕೊಳಕಿಗೆ ಚೀಚಿ ಎಂದು ಬೇರೆಯದೇ ಒಂದು ಪುಟ್ಟ ಭಾಷೆ ಇತ್ತು. ಇದು ಅಜ್ಞಾನವೆಂದು ಓದಿದವರು ಹೀಗಳೆದ ಕಾಲವೂ ಉಂಟು. ಆದರೆ 1964ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಎಂಬ ಅಮೆರಿಕದ ಭಾಷಾವಿಜ್ಞಾನಿ ನಮ್ಮ ನೆರೆಯ ಮರಾಠಿಯೂ ಸೇರಿದಂತೆ ಆರು ಭಾಷೆಗಳ ಕೂಸುಮಾತನ್ನು ಹೋಲಿಸಿ ನೋಡಿ, ಎಲ್ಲ ಕಡೆಯೂ ಅದರ ಕಟ್ಟಡ ಒಂದೇ ಬಗೆಯದು ಎಂದು ತೋರಿಸಿದ. ಸುಲಭದ ಅಕ್ಷರ, ಒಂದನ್ನೇ ಎರಡು ಸಲ ಹೇಳುವ ಪದ, ಏರಿಸಿದ ದನಿ. 1980ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನೇ ಕೇಳಬಯಸುತ್ತವೆ ಎಂದು ಕಂಡುಕೊಂಡರು. ಬಸುರಿಯಲ್ಲಿದ್ದಾಗಲೇ ಒಳಗಿನ ಕಿವಿ ತೆರೆದಿರುತ್ತದೆ ಎಂದ ಹಾಗಾಯಿತು. ಅಭಿಮನ್ಯುವಿನ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೆನಿಸಲಿಲ್ಲ.

ನಡತೆಯ ಪಾಠವೂ ಆ ಮಾತಿನೊಳಗೇ ಅಡಗಿತ್ತು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳದೆ, ದೂರ ಹೊರಟಿರಾ ಎನ್ನಬೇಕು. ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನಬೇಕು. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ನಮ್ಮಜ್ಜಿ ತಾನು ಹಾಗೆ ಹೇಳುತ್ತಿದ್ದಳು, ನಾವು ಕೇಳಿಸಿಕೊಂಡೆವು. ಆದರೆ ಹಳೆಯದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಅದೇ ಅಜ್ಜಿ, ಗಂಡಸರ ನಡುವೆ ಹೆಣ್ಣುಮಗು ಬಾಯಿ ಹಾಕಿದರೆ ತೊಡೆ ಚಿವುಟುತ್ತಿದ್ದಳು. ಕೆಲಸಕ್ಕೆ ಬರುತ್ತಿದ್ದ ಮುದುಕನನ್ನು ಐದು ವರ್ಷದ ನಾವು 'ಏ, ಬಾರೋ' ಎಂದು ಕರೆದರೆ ಒಬ್ಬರೂ ತಿದ್ದುತ್ತಿರಲಿಲ್ಲ. ಆಗಿನ ಮರ್ಯಾದೆಗೆ ಮೆಟ್ಟಿಲುಗಳಿದ್ದವು. ಯಾರಿಗೆ 'ನೀವು', ಯಾರಿಗೆ 'ನೀನು' ಎಂಬುದರಲ್ಲೇ ಜಾತಿ, ದುಡ್ಡು ಎರಡೂ ಕುಳಿತಿದ್ದವು. ನಾನು ಆ ಹುಡುಗಿಯ ಮೇಲೆ ಎರಗಿದ್ದು ಬರಿಯ ವ್ಯಾಕರಣದಿಂದ ಮಾತ್ರವೇ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಗುಡಿಸಲಿನ ಮಗುವಲ್ಲದೆ ಡಾಕ್ಟರ ಮಗು ಹಾಗೆ ಕೇಳಿದ್ದರೆ ಹತ್ತು ಸಲ ಹೇಳಿಸುತ್ತಿದ್ದೆನೇ?

ಮಕ್ಕಳಿಗೆ ನಡತೆಯನ್ನು ಗದರಿಸದೆ ಕಲಿಸಬಹುದೆಂದು ನನಗೆ ತೋರಿಸಿದ್ದು ಇಟಲಿಯ ಡಾಕ್ಟರಮ್ಮ ಮರಿಯಾ ಮಾಂಟೆಸರಿಯ ಬದುಕು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಆಕೆಯ ಮೊದಲ ಮಕ್ಕಳ ಮನೆ ತೆರೆಯಿತು. ತಾಯಿತಂದೆ ಕೂಲಿಗೆ ಹೋದಾಗ ಮಕ್ಕಳು ಕಟ್ಟಡದ ಗೋಡೆ ಕೆಡಿಸುತ್ತವೆ, ಅವನ್ನು ಒಂದೆಡೆ ಕೂಡಿಹಾಕಬೇಕು ಎಂಬುದು ಕಟ್ಟಡದವರಿಗೆ ಇದ್ದ ಉದ್ದೇಶ. ಅಲ್ಲಿ ನಡೆದ ಒಂದು ಸಂಗತಿಯನ್ನು ಆಕೆ ಬರೆದಿದ್ದಾರೆ. ಒಂದು ದಿನ ಆಕೆ ಮೂಗು ಸೀಟಿಕೊಳ್ಳುವುದು ಹೇಗೆಂದು ಮಕ್ಕಳಿಗೆ ತೋರಿಸಿದರು. ಕರ್ಚೀಫು ಹೇಗೆ ಹಿಡಿಯಬೇಕು, ಸದ್ದಾಗದಂತೆ, ಯಾರಿಗೂ ಕಾಣದಂತೆ ಹೇಗೆ ಒರೆಸಬೇಕು ಎಂದು ನಿಧಾನವಾಗಿ ಮಾಡಿ ತೋರಿಸಿದರು. ಮಕ್ಕಳು ನಗುತ್ತಾರೆಂದುಕೊಂಡಿದ್ದರಂತೆ. ಒಂದು ಮಗುವೂ ನಗಲಿಲ್ಲ. ಕಣ್ಣರಳಿಸಿ ನೋಡಿ, ಮುಗಿಯುತ್ತಲೇ ನಾಟಕ ನೋಡಿದವರಂತೆ ಚಪ್ಪಾಳೆ ತಟ್ಟಿದವು. ಆಕೆಗೆ ಆಮೇಲೆ ಅರ್ಥವಾಯಿತು: ಮೂಗಿನ ವಿಷಯಕ್ಕೆ ಆ ಮಕ್ಕಳು ಹುಟ್ಟಿದಾಗಿನಿಂದ ಬೈಸಿಕೊಂಡಿದ್ದವು. ಹೇಗೆ ಒರೆಸಿಕೊಳ್ಳಬೇಕೆಂದು ಅದುವರೆಗೆ ಯಾರೂ ತೋರಿಸಿರಲಿಲ್ಲ.

ಇದನ್ನು ಓದಿದ ಮರುದಿನ ನಾನು ನಮ್ಮ ಶಿಶುವಿಹಾರದಲ್ಲಿ ಅದೇ ಪಾಠ ಮಾಡಿದೆ. ನಮ್ಮ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ, ಆದರೆ ಇಪ್ಪತ್ತೆರಡು ಮೂಗುಗಳು ಅಂದು ಮಧ್ಯಾಹ್ನದವರೆಗೆ ಬಿಡುವಿಲ್ಲದೆ ಒರೆಸಿಕೊಂಡವು. ಆಮೇಲೆ ಬಾಗಿಲು ಸದ್ದಿಲ್ಲದೆ ಹಾಕುವುದು, ಕುಳಿತವರನ್ನು ದಾಟದೆ ಸುತ್ತಿಹೋಗುವುದು, ನೀರು ಚೆಲ್ಲದೆ ಲೋಟ ಕೊಡುವುದು, ಹೀಗೆ ಒಂದೊಂದನ್ನೂ ಆಟದಂತೆ ಮಾಡಿ ತೋರಿಸಿದೆ. ತಪ್ಪು ಮಾಡಿದಾಗ ಹೇಳುವುದಲ್ಲ, ತಪ್ಪಿನ ಹೊತ್ತು ಬರುವ ಮೊದಲೇ ತೋರಿಸಿಡುವುದು. ಗುಟ್ಟು ಅಷ್ಟೇ.

ಮಾಂಟೆಸರಿ ನಮ್ಮವರೂ ಹೌದು. 1939ರ ಕೊನೆಗೆ ಥಿಯಾಸಫಿಕಲ್ ಸೊಸೈಟಿಯವರ ಕರೆಯ ಮೇರೆಗೆ ಮಗ ಮಾರಿಯೊ ಜೊತೆ ಮದರಾಸಿನ ಅಡಯಾರಿಗೆ ಬಂದರು. ಬಂದದ್ದು ಕೆಲವು ತಿಂಗಳ ತರಬೇತಿಗೆಂದು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಶತ್ರುದೇಶದವನೆಂದು ಬಂಧಿಸಿತು. ಆಕೆಯ 70ನೆಯ ಹುಟ್ಟುಹಬ್ಬದ ಹೊತ್ತಿಗೆ ಅವನನ್ನು ಬಿಟ್ಟು ಕೊಟ್ಟರು. ಯುದ್ಧ ಮುಗಿಯುವ ತನಕ ಮದರಾಸಿನಲ್ಲೂ ಕೊಡೈಕನಾಲಿನಲ್ಲೂ ಇದ್ದು, 1946ರಲ್ಲಿ ಹಿಂತಿರುಗುವ ಹೊತ್ತಿಗೆ ಭಾರತದಲ್ಲಿ ನೂರಾರು ಶಿಕ್ಷಕಿಯರನ್ನು ತಯಾರು ಮಾಡಿದ್ದರು. ಇಂದು ನಮ್ಮ ಪೇಟೆ ಬೀದಿಗಳಲ್ಲಿ ಕಾಣುವ 'ಮಾಂಟೆಸರಿ' ಬೋರ್ಡುಗಳ ಹಿಂದೆ ಈ ಯುದ್ಧದ ಕತೆಯಿದೆ. ಬೋರ್ಡಿನ ಒಳಗೆ ಎಷ್ಟು ಮಾಂಟೆಸರಿ ಇದೆಯೆಂಬುದು ಬೇರೆ ಮಾತು.

ಆದರೆ ಆಕೆ ಬರುವ ಮೊದಲೇ ಆಕೆಯ ವಿಚಾರವನ್ನು ನಮ್ಮ ನೆಲಕ್ಕೆ ಹೊಂದಿಸಿದವರೊಬ್ಬರಿದ್ದರು, ಗುಜರಾತಿನ ಗಿಜುಭಾಯಿ ಬಧೇಕ. ವೃತ್ತಿಯಿಂದ ವಕೀಲರು. ತಮಗೆ ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಬೆಳೆಸಲಿ ಎಂದು ಹುಡುಕಿಹೊರಟು ಮಾಂಟೆಸರಿಯ ಪುಸ್ತಕ ಓದಿದರು. ಕೋರ್ಟು ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಜನ ಅವರನ್ನು 'ಮೀಸೆಯ ತಾಯಿ' ಎಂದು ಕರೆಯುತ್ತಿದ್ದರು. ನನಗೆ ಈ ಹೆಸರು ಬಹಳ ಇಷ್ಟ. ಮಕ್ಕಳನ್ನು ಮಾತಾಡಿಸುವುದು ಹೆಂಗಸರ ಕೆಲಸ ಎಂದು ಪೇಪರು ಹಿಡಿದು ಕೂರುವ ಅಪ್ಪಂದಿರಿಗೆಲ್ಲ ಇದನ್ನು ಹೇಳಬೇಕೆನಿಸುತ್ತದೆ.

ಅವರ 'ದಿವಾಸ್ವಪ್ನ' ಎಂಬ ಪುಸ್ತಕದ ಹಿಂದಿ ಅನುವಾದ ನನಗೆ ಓದಲು ಸಿಕ್ಕಿತು. ಕತೆಯ ಮೇಷ್ಟರು ಮೊದಲ ದಿನ ಬಲು ಉತ್ಸಾಹದಿಂದ ತರಗತಿಗೆ ಹೋಗಿ, ಶಾಂತಿಯ ಆಟ ಆಡಿಸೋಣವೆಂದು ಕಿಟಕಿ ಬಾಗಿಲು ಮುಚ್ಚಿಸುತ್ತಾರೆ. ಶಾಂತಿಯ ಬದಲು ಗದ್ದಲವೇಳುತ್ತದೆ. ಸೋತು ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಎರಡನೆಯ ದಿನ ಬಂದು, 'ಒಂದು ಕತೆ ಹೇಳಲೇ' ಎನ್ನುತ್ತಾರೆ. ಅದೇ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತವೆ. ಟೀಚರಾದ ಯಾರಿಗೂ ಆ ಮೊದಲ ದಿನ ಓದಿದರೆ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಕತೆ ಕೇಳುವ ಮಗು ತಾನಾಗಿ ಸುಮ್ಮನಿರಲು ಕಲಿಯುತ್ತದೆ. ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಲು ಕಲಿಯುತ್ತದೆ. ಮರುದಿನ ತಾನೇ ಕತೆ ಹೇಳಲು ಬರುತ್ತದೆ. ಮಾತೂ ನಡತೆಯೂ ಒಂದೇ ಚಾಪೆಯ ಮೇಲೆ ಬಂದು ಕೂರುವುದು ಇಲ್ಲಿ. ನಮ್ಮ ಕನ್ನಡದಲ್ಲಿ ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳ ಬಾಯಿಗೆ ಹೊಂದುವ ಪದ್ಯ ಬರೆದು ನಮಗೆ ಮಾಡಿದ ಉಪಕಾರವೂ ಇಂಥದೇ. ಬುದ್ಧಿವಾದದ ಗುಳಿಗೆ ನುಂಗಿಸದೆ, ನಾಲಿಗೆ ಕುಣಿಯುವಂತೆ ಮಾಡಿದರು.

ಗಿಜುಭಾಯಿಯ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕಡಲಂಚಿನ ಬೋರ್ಡಿ ಗ್ರಾಮಕ್ಕೆ ಹೋದರು. ಅಲ್ಲಿ ಅವರಿಗೆ ಜೊತೆಯಾದವರು ಅನುತಾಯಿ ವಾಘ್. 13ನೆಯ ವಯಸ್ಸಿಗೇ ವಿಧವೆಯಾಗಿ, ಆಮೇಲೆ ಛಲದಿಂದ ಓದಿದ ಹೆಣ್ಣುಮಗಳು. ಬಾಲವಾಡಿ ತೆರೆದರು, ಬಡವರ ಮಕ್ಕಳು ಬರಲಿಲ್ಲ. ಆಗ ಅವರು ಮಾಡಿದ್ದು ನೋಡಿ: ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ ಎಂದು ಕೇರಿಯ ಅಂಗಳಕ್ಕೇ ಹೋಗಿ ಕುಳಿತರು. ಮೈ ತೊಳೆದರು, ತಲೆ ಬಾಚಿದರು, ಕತೆ ಹೇಳಿದರು. ಅಂಗಳದಲ್ಲಿ ನಡೆದದ್ದರಿಂದ ಅದು ಅಂಗನವಾಡಿ. ಮುಂದೆ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿಗಳ ನಡುವೆ ನೆಲೆಸಿದಾಗ, ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಬೆಲೆಬಾಳುವ ಮಾಂಟೆಸರಿ ಸಾಮಾನಿನ ಬದಲು ಬೀಜ, ಎಲೆ, ಬೆಣಚುಕಲ್ಲು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ, ಅದರ ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಇಂದು ಊರೂರಲ್ಲೂ ನಾವು ಸದರದಿಂದ ಆಡುವ ಈ ಹೆಸರಿನೊಳಗೆ, ಮಗುವಿನ ಅಂಗಳಕ್ಕೆ ಟೀಚರು ಹೋಗಬೇಕೆಂಬ ಪಾಠ ಕುಳಿತಿದೆ. ಅಂಗಳಕ್ಕೆ ಹೋಗುವುದೆಂದರೆ ಅಲ್ಲಿನ ಮಾತಿಗೂ ಹೋಗುವುದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕೆಂದು ಹೇಳಿದಾಗ ನನಗೆ ನೆನಪಾದದ್ದು ಈ ಇಬ್ಬರು ಹೆಂಗಸರು. ಅವರ ಹಿಂದೆಯೇ ಆ ಬಯಲುಸೀಮೆಯ ಹುಡುಗಿ.

ಆಮೇಲಿನ ವರ್ಷಗಳಲ್ಲಿ ನಾನು ಒಂದು ನಿಯಮ ಮಾಡಿಕೊಂಡೆ. ಹೊಸ ಮಗು ಬಂದರೆ ಮೊದಲು ಅದರ ಮನೆಯಲ್ಲಿ ಅನ್ನಕ್ಕೆ ಏನೆನ್ನುತ್ತಾರೆ, ನೀರಿಗೆ ಏನೆನ್ನುತ್ತಾರೆ, ಅಮ್ಮನನ್ನು ಹೇಗೆ ಕರೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ತುಳು, ಕೊಂಕಣಿ, ಉರ್ದು, ಲಂಬಾಣಿ, ತಮಿಳು ಎಲ್ಲವೂ ನನ್ನ ಪಟ್ಟಿಯಲ್ಲಿ ಸೇರಿದವು. ಮಗು ತಪ್ಪಾಗಿ ಹೇಳಿದರೆ 'ತಪ್ಪು' ಎನ್ನದೆ, ಅದರ ಮಾತನ್ನೇ ಸರಿಪಡಿಸಿ ತಿರುಗಿ ಹೇಳುತ್ತಿದ್ದೆ. ಮಗು "ನಾಯಿ ಬಂದರು" ಎಂದರೆ, "ಹೌದಾ, ನಾಯಿ ಬಂತಾ? ಯಾವ ಬಣ್ಣದ ನಾಯಿ ಬಂತು?" ಅಷ್ಟೇ. ಮರ್ಯಾದೆಗೂ ಅದೇ ದಾರಿ. ನಾನೇ ಮಕ್ಕಳಿಗೆ "ಬನ್ನಿ, ಕೂತ್ಕೊಳ್ಳಿ" ಎನ್ನತೊಡಗಿದೆ. ಕಸ ಗುಡಿಸುವ ಆಯಾಳನ್ನು ಮಕ್ಕಳ ಎದುರಿಗೆ "ನೀವು" ಎಂದೆ. ಮೊದಲು ಆಕೆಯೇ ನಾಚಿದಳು. ತಿಂಗಳು ಕಳೆಯುವುದರಲ್ಲಿ ಮಕ್ಕಳೂ ಆಕೆಯನ್ನು "ನೀವು" ಎನ್ನುತ್ತಿದ್ದವು. ಹತ್ತು ಸಲ ಹೇಳಿಸಬೇಕಾಗಿ ಬರಲಿಲ್ಲ.

ಈಗಿನ ತಾಯಂದಿರಿಗೆ ನಮಗಿಲ್ಲದಿದ್ದ ಒಂದು ಕಷ್ಟವಿದೆ. ಮಗುವಿನ ಕೈಗೆ ಮೊಬೈಲು ಬಂದಿದೆ. ಅದು ಎಡೆಬಿಡದೆ ಮಾತಾಡುತ್ತದೆ, ಮಗುವಿನ ಮಾತಿಗೆ ಮಾತ್ರ ಕಾಯುವುದಿಲ್ಲ. ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸಲೇಬೇಡಿ, ಆಮೇಲೂ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದುಡಿದು ದಣಿದು ಬಂದ ತಾಯಿಗೆ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ, ನಾನು ಬಲ್ಲೆ. ಆದರೆ ಬೀನ್ಸು ಸೋಸುವಾಗ, ಬಟ್ಟೆ ಮಡಿಸುವಾಗ ಆಡುವ ಮಾತಿಗೆ ಬೇರೆ ಸಮಯ ಬೇಕಿಲ್ಲ. ನಮ್ಮಜ್ಜಿಗೂ ಬೇರೆ ಸಮಯವಿರಲಿಲ್ಲ.

ಅಂದು ಗೆಳತಿ ಹೋದ ಮೇಲೆ ಮಗಳಿಗೆ ಆ ಹುಡುಗಿಯ ಕತೆ ಹೇಳಿದೆ. ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾನೇ ಮನೆಗೆ ಬಂದ ಅತಿಥಿಯ ಹಾಗೆ, "ಅಮ್ಮಾವ್ರೇ, ಚೆನ್ನಾಗಿದ್ದೀರಾ? ಕಾಫಿ ಕೊಡ್ತೀರಾ?" ಎಂದು ಆಟ ಶುರುಮಾಡಿದಳು. ಮೊಮ್ಮಗಳಿಗೆ ಕುಶಿಯೋ ಕುಶಿ. ಖಾಲಿ ಲೋಟ ತಂದು ಕೊಟ್ಟಳು, "ಬಿಸಿ ಇದೆ, ನಿಧಾನ ಕುಡೀರಿ" ಎಂದಳು. ಆಟ ಮುಗಿದ ಮೇಲೆ ನನ್ನ ಹತ್ತಿರ ಓಡಿ ಬಂದು ಸೆರಗು ಹಿಡಿದು, "ಅಜ್ಜೀ, ನೀನೂ ಬಾ" ಎಂದಳು.

ನಾನು ತಿದ್ದಲಿಲ್ಲ. ಹೋಗಿ ಚಾಪೆಯ ಮೇಲೆ ಕುಳಿತೆ.